ಮನೆ ಹಿಂದಿನ ಧರೆಗೆ ಲಾವಂಚ ಸಾಕಾ? ಕಸದ ರಾಶಿಗೂ ಅದೇನಾ?

ಧರೆಯಡಿ_ಮನೆ
ನಮಸ್ಕಾರ. ಜಾಗ ಬೆಳ್ತಂಗಡಿ ತಾಲೂಕು. ಮನೆಯ ಹಿಂದೆ ಜೆಸಿಬಿಯಲ್ಲಿ ಕಡಿದ ಧರೆ, ಅಂದರೆ ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ ಉಂಟು. ಉದ್ದ 10 ಮೀಟರ್, ಎತ್ತರ 6 ಮೀಟರ್, ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಮೇಲಿನ 2 ಮೀಟರ್ ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಅದರ ಕೆಳಗೆ ಬಿಳಿ-ಗುಲಾಬಿ ಬಣ್ಣದ ಮೆತ್ತನೆ ಮಣ್ಣು. ಧರೆಯ ಬುಡಕ್ಕೂ ಮನೆಗೋಡೆಗೂ 3 ಮೀಟರ್ ಅಂತರ. ಮೇಲೆ ರಬ್ಬರ್ ತೋಟ, ಅದೂ ನಮ್ಮದೇ.

ಕಲ್ಲಿನ ಗೋಡೆ ಕಟ್ಟಿಸುವುದು ಬೇಡ, ಲಾವಂಚ ನೆಟ್ಟರೆ ಸಾಕು ಅಂತ ಕೆಲವರು ಹೇಳ್ತಾರೆ. ಎಷ್ಟು ಬುಡ ಬೇಕು? ಯಾವ ಅಂತರ? ಯಾವಾಗ ನೆಡಬೇಕು?

ಇನ್ನೊಂದು ವಿಷಯ. ಪಂಚಾಯತಿನ ಹಳೇ ಕಸದ ರಾಶಿ ಉಂಟು, ಸುಮಾರು 30 ಮೀಟರ್ ಉದ್ದ, 20 ಅಗಲ, 3 ಎತ್ತರ. ಅದಕ್ಕೂ ಮಣ್ಣು ಮುಚ್ಚಿ ಲಾವಂಚ ಹಾಕುವ ಮಾತು ನಡೀತಾ ಉಂಟು. ಆಗುತ್ತದಾ?

ಬದುವಿನ_ಹುಲ್ಲು
ಕಣ್ಮುಚ್ಕೊಂಡು ಹಾಕಿ ಗುರು. ಗುಂಡ್ಲುಪೇಟೆ ಕಡೆ ಹೊಲದ ಬದುವಿಗೆ ಲಾವಂಚ ಹಾಕೋದು ಅಜ್ಜ ಮುತ್ತಜ್ಜನ ಕಾಲದ್ದು. 1980ರ ದಶಕದಲ್ಲಿ ವಿಶ್ವಬ್ಯಾಂಕಿನವರು ಇದನ್ನ ಪ್ರಪಂಚಕ್ಕೆಲ್ಲ ಸಾರೋಕೆ ಹೊರಟಾಗ ನಮ್ಮ ಹೊಲಗಳಲ್ಲಿ ಅದು ಆಗಲೇ ಬೇರೂರಿ ಕೂತಿತ್ತು. ಒಳ್ಳೇ ಮಣ್ಣಲ್ಲಿ ಬೇರು ಒಂದೇ ವರ್ಷಕ್ಕೆ 3 ಮೀಟರ್ ಇಳಿಯುತ್ತೆ, ಪಕ್ಕಕ್ಕೆ ಹರಡಲ್ಲ, ನೇರ ಪಾತಾಳಕ್ಕೆ. ಥಾಯ್ಲೆಂಡಿನ ಎಂಜಿನಿಯರ್ ದಿತಿ ಹೆಂಗ್‌ಚಾವೋವನಿಚ್ 1996ರಲ್ಲಿ ಬೇರಿನ ಎಳೆಬಲ ಅಳೆದು ತೋರಿಸಿದ್ದಾರೆ: ಸರಾಸರಿ 75 ಮೆಗಾಪ್ಯಾಸ್ಕಲ್, ಅಂದ್ರೆ ಮಾಮೂಲಿ ಉಕ್ಕಿನ ಆರನೇ ಒಂದು ಪಾಲು.

ಲೆಕ್ಕ ಸುಲಭ. ಎತ್ತರ 6 ಮೀಟರ್, ಮೀಟರಿಗೆ ಒಂದು ಸಾಲು, 6 ಸಾಲು. 10 ಸೆಂ.ಮೀ.ಗೆ ಒಂದು ಬುಡ, ಸಾಲಿಗೆ 100. ಒಟ್ಟು 600.

ಶೇಡಿ_ಮತ್ತು_ನೀರು
ಕಣ್ಣು ಮುಚ್ಚಿಕೊಂಡು ಬೇಡ ಮಾರಾಯ್ರೆ, ಕೆಳಗೆ ಜನ ಮಲಗ್ತಾರೆ.

ಬದುವಿನ ಹುಲ್ಲು ಅವರೇ, ನೀವು ಹೇಳಿದ್ದು ಹೊಲದ ಬದು. 2-3 ಶೇಕಡಾ ಇಳಿಜಾರು, ಕೆಂಪು ಮಣ್ಣು. ಇವರು ಕೇಳಿದ್ದು ನೆಟ್ಟಗೆ ಕಡಿದ ಧರೆ. ನೆಟ್ಟಗಿರುವ ಮೈಯಲ್ಲಿ ಯಾವ ಹುಲ್ಲನ್ನೂ ಊರಲಿಕ್ಕೆ ಆಗುವುದಿಲ್ಲ, ಊರಿದರೂ ಬುಡದ ಮಣ್ಣು ಮೊದಲ ಮಳೆಗೆ ಉದುರುತ್ತದೆ.

ಅವರು ಬಿಳಿ-ಗುಲಾಬಿ ಮೆತ್ತನೆ ಮಣ್ಣು ಅಂದದ್ದು ಶೇಡಿ ಮಣ್ಣು. ಕರಾವಳಿಯಲ್ಲಿ ಮುರಕಲ್ಲಿನ ಟೊಪ್ಪಿಯ ಅಡಿಯಲ್ಲಿ ಇದೇ ಇರುವುದು. ಬೇಸಿಗೆಯಲ್ಲಿ ಪಿಕಾಸಿಗೂ ಜಗ್ಗುವುದಿಲ್ಲ, ನೀರು ಕುಡಿದರೆ ಗಂಜಿ. ಧರೆ ಜರಿಯುವ ಕ್ರಮ ಹೀಗೆ: ಮಳೆನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಯ ತಲೆಯ ಮೇಲೆ ನಿಲ್ಲುತ್ತದೆ, ಅಲ್ಲಿಂದ ಹೊರಮೈಗೆ ಒಸರುತ್ತದೆ. ಒಸರುವ ಕಡೆ ಶೇಡಿ ಕರಗಿ ಒಳಗೆ ಗುಹೆಯ ಹಾಗೆ ಆಗುತ್ತದೆ. ಆಮೇಲೆ ಮೇಲಿನ ಮುರಕಲ್ಲು ಆಸರೆ ಇಲ್ಲದೆ ತುಂಡುತುಂಡಾಗಿ ಕೆಳಗೆ ಬೀಳುತ್ತದೆ. ಹುಲ್ಲು ಇದ್ದರೂ ಹುಲ್ಲಿನ ಸಮೇತ ಬೀಳುತ್ತದೆ.

ಒಂದು ಪರೀಕ್ಷೆ ಇವತ್ತೇ ಮಾಡಿ. ಧರೆಯ ಮೇಲಿನಿಂದ, ನಡುವಿನಿಂದ, ಬುಡದಿಂದ ನೆಲ್ಲಿಕಾಯಿ ಗಾತ್ರದ ಒಂದೊಂದು ಹೆಂಟೆ ತೆಗೆಯಿರಿ. ನೆರಳಲ್ಲಿ ಒಣಗಲಿ. ಮೂರು ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಫಿಲ್ಟರ್ ನೀರು ತುಂಬಿ ಮೆಲ್ಲಗೆ ಇಳಿಬಿಡಿ, ಕಲಕಬೇಡಿ. ಹಾಗೇ ಕೂತರೆ ಒಳ್ಳೆಯದು. ಅಂಚು ಉದುರಿ ಹಿಟ್ಟಿನ ಗುಪ್ಪೆ ಆದರೆ ಅದು ನೀರಿಗೆ ಸಡಿಲಾಗುವ ಮಣ್ಣು. ಸುತ್ತ ಹಾಲಿನಂಥ ಮೋಡ ಎದ್ದು ಗಂಟೆ ಕಳೆದರೂ ತಿಳಿಯಾಗದಿದ್ದರೆ ಇನ್ನೂ ಕೆಟ್ಟದ್ದು, ಅಂಥ ಮಣ್ಣು ಹರಿಯುವ ನೀರಿನ ಜೊತೆಗೇ ಹೋಗಿಬಿಡುತ್ತದೆ.

ಸುಮ್ನೆ_ಓದುಗ
ಬಿದಿರು ಹಾಕಿ, ಮುಗೀತು.

ಕಾಫಿಬರೆ
ಬಿದಿರು ಅಲ್ಲಿ ಬೇಡ. ಬಿದಿರಿನ ಬೇರು ಹೆಚ್ಚಾಗಿ ಮೇಲಿನ ಒಂದು ಮೀಟರಿನೊಳಗೇ ಹೆಣೆದುಕೊಂಡಿರುತ್ತೆ. ಹೊಳೆದಂಡೆ ಕೊರೆಯೋದನ್ನ ತಡೆಯೋಕೆ ಒಳ್ಳೇದು, ಅಲ್ಲಿ ವಾಟೆ, ಕೇದಗೆನೂ ಚೆನ್ನ. ಕಡಿದ ಬರೆಯ, ಅಂದ್ರೆ ನಿಮ್ಮ ಧರೆಯ, ನೆತ್ತಿ ಮೇಲೆ ಮೆಳೆ ಬೆಳೆದ್ರೆ ಟನ್‌ಗಟ್ಟಲೆ ಭಾರ. ಗಾಳಿಗೆ ಅದು ತೊನೆದಾಡೋವಾಗ ಹಿಂದುಗಡೆ ಬಿರುಕು ಬಾಯಿ ಬಿಡುತ್ತೆ, ನೀರು ಸೀದಾ ಅದರೊಳಗೆ.

ಮರಗಳ ಲೆಕ್ಕನೂ ಅದೇ. ಬರೆ ಎಷ್ಟು ಎತ್ತರವೋ ಅಂಚಿನಿಂದ ಅಷ್ಟು ದೂರದೊಳಗೆ ಎತ್ತರದ ಮರ ಇರಬಾರದು. ಅಕೇಶಿಯಾ ಅಂತೂ ಬೇಡವೇ ಬೇಡ. ಹಾಗಂತ ಇರೋ ಮರಾನ ಬುಡಸಮೇತ ಕೀಳಿಸಬೇಡಿ. ಆಳೆತ್ತರದಲ್ಲಿ ಕಡಿದು ಚಿಗುರೋ ಜಾತಿ ಆದ್ರೆ ಚಿಗುರೋಕೆ ಬಿಡಿ. ಸತ್ತ ಬೇರು ಮೂರ್ನಾಲ್ಕು ವರ್ಷಕ್ಕೆ ಕೊಳೆತು ಹಿಡಿತ ಬಿಡುತ್ತೆ. ಮರ ಕಡಿದ ವರ್ಷ ಗಟ್ಟಿ ನಿಂತ ಬರೆ ನಾಲ್ಕನೇ ಮಳೆಗಾಲಕ್ಕೆ ಜರಿಯೋದು ಇದಕ್ಕೇ. ಅಷ್ಟೊತ್ತಿಗೆ ಮರ ಕಡಿದದ್ದು ಯಾರಿಗೂ ನೆನಪಿರಲ್ಲ, ಬೈಗುಳ ಎಲ್ಲ ಮಳೆಗೆ.

ಬದುವಿನ_ಹುಲ್ಲು
ಹಂಗಾದ್ರೆ ಬೇರು ಹಿಡಿಯಲ್ಲ ಅಂತೀರಾ? ಕಾಡು ಇರೋ ಗುಡ್ಡ ಯಾಕೆ ನಿಂತಿದೆ ಮತ್ತೆ?

ಕಾಫಿಬರೆ
ಹಿಡಿಯುತ್ತೆ, ಬೇರು ಎಲ್ಲಿವರೆಗೆ ಇಳಿದಿದೆಯೋ ಅಲ್ಲಿವರೆಗೆ. ಜಾರೋ ಮೇಲ್ಮೈ ಒಂದೂವರೆ ಮೀಟರ್ ಆಳದಲ್ಲಿದ್ರೆ ಲಾವಂಚ ಅದನ್ನ ದಾಟಿ ಹೊಲಿದ ಹಾಗೆ ಹಿಡಿಯುತ್ತೆ. 8-10 ಮೀಟರ್ ಆಳದಲ್ಲಿದ್ರೆ ಮೇಲಿರೋ ಕಾಡು, ಕಾಫಿ, ಸಿಲ್ವರ್ ಓಕ್ ಎಲ್ಲಾ ಒಟ್ಟಿಗೆ ಜಾರುತ್ತೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಜಾರಿದ ಎಷ್ಟೋ ಕಡೆ ಮೇಲೆ ಹಸಿರು ದಟ್ಟವಾಗೇ ಇತ್ತು. ಭೂವೈಜ್ಞಾನಿಕ ಸರ್ವೇಕ್ಷಣೆಯವರು ಆಮೇಲೆ ಬೊಟ್ಟು ಮಾಡಿದ್ದು ಮನೆಗೆ, ರಸ್ತೆಗೆ ಅಂತ ಕಡಿದ ಇಳಿಜಾರುಗಳ ಕಡೆಗೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ನದಿವರೆಗೆ ಬಂತಲ್ಲ, ಅಂಥದ್ದಕ್ಕೆ ಹುಲ್ಲಿನ ಮಾತೇ ಎತ್ತಬಾರದು.

ಸಿವಿಲ್_ಅಣ್ಣ
ಲೆಕ್ಕದಲ್ಲೊಂದು ತಪ್ಪು ಉಂಟು, ಮೊದಲು ಅದನ್ನು ಸರಿ ಮಾಡುವ. ಸಾಲಿನ ಅಂತರಕ್ಕೆ ಎತ್ತರ ಅಳೆಯಬಾರದು, ಇಳಿಜಾರಿನ ಮೈ ಅಳೆಯಬೇಕು. 6 ಮೀಟರ್ ಎತ್ತರವನ್ನು 45 ಡಿಗ್ರಿಗೆ ತಂದರೆ ಮೈ ಉದ್ದ 8.5 ಮೀಟರ್. 600 ಬುಡ ತಂದರೆ ಧರೆಯ ಕೆಳಗಿನ ಎರಡು ಸಾಲು ಖಾಲಿ.

ಈಗ ಧರೆಯ ವಿಚಾರ. ಇದು ಕಾಗದದ ಮೇಲಿನ ಲೆಕ್ಕ, ಜಾಗ ನೋಡಿದವರು ಬದಲಿಸಬಹುದು.

ಮುರಕಲ್ಲಿನ ಮೇಲಿನ 2 ಮೀಟರ್ ಕಡಿದಾಗಿಯೇ ನಿಲ್ಲುತ್ತದೆ. ಅದನ್ನು ಅರ್ಧ ಮೀಟರ್ ಹಿಂದಕ್ಕೆ ವಾಲಿಸಿದರೆ ಸಾಕು. ಮುರಕಲ್ಲು ಮುಗಿದು ಶೇಡಿ ಶುರುವಾಗುವ ಮಟ್ಟದಲ್ಲಿ ಒಂದೂವರೆ ಮೀಟರ್ ಅಗಲದ ಮೆಟ್ಟಿಲು. ಅದರ ಕೆಳಗಿನ 4 ಮೀಟರ್ ಶೇಡಿಗೆ 45 ಡಿಗ್ರಿ. ಒಟ್ಟು ಧರೆಯ ಅಂಚು ಈಗಿರುವಲ್ಲಿಂದ 6 ಮೀಟರ್ ಹಿಂದೆ ಹೋಗುತ್ತದೆ. ತೆಗೆಯಬೇಕಾದ ಮಣ್ಣು ಸುಮಾರು 195 ಘನ ಮೀಟರ್, ಅಗೆದು ಸಡಿಲಾದ ಮೇಲೆ ಕಾಲುಭಾಗ ಜಾಸ್ತಿ. ಟಿಪ್ಪರಿನವರ ಹತ್ತಿರ ಮಾತಾಡುವಾಗ ಸಡಿಲ ಮಣ್ಣಿನ ಲೆಕ್ಕ ಇಟ್ಟುಕೊಳ್ಳಿ.

ಅಷ್ಟು ರಬ್ಬರ್ ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಬುಡದಲ್ಲಿ 2 ಮೀಟರ್ ಎತ್ತರದ ಗೇಬಿಯನ್, ಅಂದರೆ ತಂತಿಬಲೆಯ ಪೆಟ್ಟಿಗೆಗೆ ಕಲ್ಲು ತುಂಬಿದ ಗೋಡೆ. ಕೆಳಗಿನ ಪೆಟ್ಟಿಗೆ ಒಂದೂವರೆ ಮೀಟರ್ ಅಗಲ, ಮೇಲಿನದ್ದು ಒಂದು ಮೀಟರ್. ಆಗ ಅಂಚು 4 ಮೀಟರ್ ಮಾತ್ರ ಹಿಂದೆ ಹೋದರೆ ಸಾಕು. ಆದರೆ ಮನೆ ಹಿಂದಿನ 3 ಮೀಟರ್ ಜಾಗ ಒಂದೂವರೆಗೆ ಇಳಿಯುತ್ತದೆ. ಕಲ್ಲಿನ ಹಿಂದೆ ಬಟ್ಟೆಯಂಥ ಸೋಸುಪದರ ಹಾಕದಿದ್ದರೆ ಶೇಡಿ ಕಲ್ಲಿನ ಸಂದಿನಿಂದಲೇ ಹರಿದು ಅಂಗಳಕ್ಕೆ ಬರುತ್ತದೆ.

ಕೆಲಸದ ಕ್ರಮ: ಮೇಲಿನಿಂದ ಕೆಳಕ್ಕೆ. ಬುಡದಿಂದ ಕೆರೆಯಲು ಶುರು ಮಾಡುವ ಆಪರೇಟರ್ ಬಂದರೆ ವಾಪಸ್ ಕಳಿಸಿ.

ಧರೆಯಡಿ_ಮನೆ
ಮುರಕಲ್ಲಿಗೆ ಲಾವಂಚ ಬೇಡವಾ?

ಸಿವಿಲ್_ಅಣ್ಣ
ಬೇಡ, ಬೇರು ಇಳಿಯುವುದಿಲ್ಲ. ಅಲ್ಲಿ ಮುಳಿಹುಲ್ಲು, ಕೇಪಳ ತಾವಾಗಿಯೇ ಬರುತ್ತವೆ, ಕೆರೆಯದೆ ಬಿಡಿ. ಶೇಡಿಯ ಮೈ 5.7 ಮೀಟರ್, ಅದಕ್ಕೆ 6 ಸಾಲು, 600 ಬುಡ. ಮೆಟ್ಟಿಲಿನ ಅಂಚಿಗೆ ಇನ್ನೊಂದು ಸಾಲು 100. ಸತ್ತದ್ದರ ಬದಲಿಗೆ ಹತ್ತಕ್ಕೊಂದು ಹೆಚ್ಚು. 770 ತನ್ನಿ.

ಬದುವಿನ ಹುಲ್ಲು ಅವರ 600 ಕೊನೆಗೂ ಬಂತು, ದಾರಿ ಮಾತ್ರ ಬೇರೆ 😀

ಬದುವಿನ_ಹುಲ್ಲು
ಒಪ್ಪಿದೆ ಬಿಡಿ ಅಣ್ಣ.

ಶೇಡಿ_ಮತ್ತು_ನೀರು
ನೀರನ್ನು ಹೊರಗೆ ಬಿಡುವ ವಿಷಯ ಯಾರೂ ಎತ್ತಲಿಲ್ಲ. ಹುಲ್ಲು ಕೊನೆಯ ಕೆಲಸ.

ಹೊಸ ಅಂಚಿನಿಂದ 2-3 ಮೀಟರ್ ಹಿಂದೆ ಅಡ್ಡಕ್ಕೆ ಒಂದು ಚರಂಡಿ, 45 ಸೆಂ.ಮೀ. ಅಗಲ, 45 ಆಳ, ಎರಡೂ ತುದಿಗೆ ಇಳಿಜಾರು. ಅದಕ್ಕೆ ಕಲ್ಲು-ಸಿಮೆಂಟಿನ ಒಳಮೈ ಬೇಕೇ ಬೇಕು, ಕಡೆಗೆ ದಪ್ಪ ಸಿಲ್ಪಾಲಿನ್ ಹಾಳೆಯಾದರೂ ಹಾಸಬೇಕು. ಬರೀ ಮಣ್ಣಿನ ಅಗಳು ತೋಡಿ ಬಿಡುವುದು ಅಗಳು ತೋಡದೆ ಇರುವುದಕ್ಕಿಂತ ಕೆಟ್ಟದ್ದು. ಹರಿದು ಹೋಗಬೇಕಾದ ನೀರನ್ನು ಹಿಡಿದು ನಿಲ್ಲಿಸಿ ಧರೆಯ ಬೆನ್ನಿಗೆ ಕುಡಿಸಿದ ಹಾಗೆ ಆಗುತ್ತದೆ.

ಚರಂಡಿಯ ತುದಿ ಧರೆಯ ಪಕ್ಕದಲ್ಲಿ ಸುರಿಯಬಾರದು. ಕೊಳವೆಯಲ್ಲೋ ಮೆಟ್ಟಿಲುಗಾಲುವೆಯಲ್ಲೋ ಬುಡದವರೆಗೆ ಇಳಿಸಿ ಅಂಗಳದ ಕಣಿಗೆ (ಸಣ್ಣ ಚರಂಡಿಗೆ) ಸೇರಿಸಿ.

ಮೆಟ್ಟಿಲು ಒಳಗಡೆಗೆ, ಗುಡ್ಡದ ಕಡೆಗೆ ಸ್ವಲ್ಪ ಇಳಿಜಾರಿರಲಿ, ಒಳಮೂಲೆಯಲ್ಲಿ ಸಿಮೆಂಟ್ ಕಣಿ. ಒಸರು ಕಾಣುವಲ್ಲಿ ತೂತು ಕೊರೆದ ಪಿವಿಸಿ ಕೊಳವೆಗೆ ಸೋಸುಬಟ್ಟೆ ಸುತ್ತಿ, ಹೊರಗಡೆಗೆ ತುಸು ಇಳಿಜಾರಾಗಿ 3-4 ಮೀಟರ್ ಒಳಕ್ಕೆ ತೂರಿಸಿ.

ಇನ್ನು ರಬ್ಬರ್ ತೋಟದ ಮಟ್ಟ (ಇಳಿಜಾರಿಗೆ ಅಡ್ಡ ಕಡಿದ ಮೆಟ್ಟಿಲು) ಮತ್ತು ಗುಂಡಿಗಳು. ಆ ಮಟ್ಟಗಳು ಒಳಕ್ಕೆ ವಾಲಿರುತ್ತವೆ, ನೀರು ನಿಲ್ಲಲಿ ಅಂತಲೇ ಮಾಡಿದ್ದು. ಮನೆಯ ನೇರ ಮೇಲಿನ ಮಟ್ಟಗಳಲ್ಲಿರುವ ಗುಂಡಿ ಮುಚ್ಚಿ, ನೀರು ಬದಿಗೆ ಹರಿಯುವಂತೆ ಮಾಡಿ.

ನೀರಿಂಗಿಸಿ
ಇಂಗುಗುಂಡಿ ಮುಚ್ಚಿ ಅನ್ನೋದು ಅನ್ಯಾಯ. ಏಪ್ರಿಲ್‌ನಲ್ಲಿ ಬಾವಿ ಒಣಗಿದಾಗ ಇದೇ ಜನ ಇಂಗುಗುಂಡಿ ತೋಡಿ ಅಂತಾರೆ. ಗುಡ್ಡದ ನೀರು ಹರಿದು ಹೋದರೆ ಒರತೆಗೆ ಏನು ಉಳಿಯುತ್ತೆ?

ಶೇಡಿ_ಮತ್ತು_ನೀರು
ಎಲ್ಲ ಗುಂಡಿ ಮುಚ್ಚಿ ಅನ್ನಲಿಲ್ಲ. ಕಡಿದ ಧರೆಯ ಮೇಲೆ, ಮನೆಯ ನೆತ್ತಿಯಲ್ಲಿ ಇರುವುದನ್ನು ಮಾತ್ರ. ಇಂಗಿಸಲು ಗುಡ್ಡದ ಬುಡದ ಸಪಾಟು ಜಾಗ ಉಂಟು, ಅಲ್ಲಿ ಎಷ್ಟು ಬೇಕಾದರೂ ತೋಡಿ. ವಿಪರೀತ ಮಳೆ ಬೀಳುವ ಜಾಗ ಇದು, ಕೋಲಾರದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನೀರಿಂಗಿಸಿ
ಸಪಾಟು ಜಾಗದಲ್ಲಿ ಅಂತಾದರೆ ತಕರಾರಿಲ್ಲ. ಆದರೆ ಜನ ಓದೋದು "ಗುಂಡಿ ಮುಚ್ಚಿ" ಅಂತ ಮಾತ್ರ.

ನರ್ಸರಿ_ಅಕ್ಕ
ನೆಡುವ ಕ್ರಮ ಯಾರೂ ಬರೆದಿಲ್ಲ. ಎಡವುವುದೇ ಇಲ್ಲಿ.

ಒಂದು ವರ್ಷದ ಬುಡ ಕೀಳಿಸಿ ತೊಳೆಯಿರಿ. ಕೈಯಲ್ಲಿ ಹಿಡಿದು ಎರಡು-ಮೂರು ತೆಂಡೆಯ (ಬುಡದಿಂದ ಎದ್ದ ಚಿಗುರಿನ) ಕಟ್ಟಾಗಿ ಬಿಡಿಸಿ. ಒಂದೇ ತೆಂಡೆಯದ್ದು ಅಗ್ಗಕ್ಕೆ ಸಿಗುತ್ತದೆ, ಸಾಯುವುದೂ ಹೆಚ್ಚು. ಎಲೆಯನ್ನು ಬುಡದಿಂದ ಒಂದು ಗೇಣು ಬಿಟ್ಟು ಕತ್ತಿಯಲ್ಲಿ ಕತ್ತರಿಸಿ, ಬೇರನ್ನು 5-10 ಸೆಂ.ಮೀ. ಉಳಿಸಿ ಉಳಿದದ್ದು ತೆಗೆಯಿರಿ. ಉದ್ದ ಬೇರು ಹಾಗೇ ಬಿಟ್ಟರೆ ಗುಳಿಯಲ್ಲಿ ಮೇಲ್ಮುಖ ಮಡಚಿ ಕೂರುತ್ತದೆ, ಅಲ್ಲೇ ಕೊಳೆಯುತ್ತದೆ. ಒಣಗಿದ ಹಳೇ ದಂಟು ಕಂಡರೆ ಎಸೆಯಿರಿ. ಸಗಣಿ-ಮಣ್ಣಿನ ಗಂಜಿಯಲ್ಲಿ ಬೇರು ಅದ್ದಿ, ಒದ್ದೆ ಗೋಣಿಯಲ್ಲಿ ನೆರಳಲ್ಲಿ ಇಟ್ಟರೆ ಕೆಡದೆ ಉಳಿಯುತ್ತದೆ. ನಾಲ್ಕೈದು ದಿನದಲ್ಲಿ ಬಿಳಿ ಹೊಸ ಬೇರಿನ ಮೊನೆ ಕಾಣುತ್ತದೆ, ನೆಡಲು ಅದೇ ಸರಿಯಾದ ಹೊತ್ತು.

ಸಾಲಿಗೆ ಕೊಳವೆ ಮಟ್ಟ ಹಿಡಿದು ಗೆರೆ ಎಳೆಯಿರಿ, ಕಣ್ಣಂದಾಜು ಬೇಡ. ಸಾಲು ಒಂದು ಕಡೆ ವಾಲಿದರೆ ನೀರು ಸಾಲಿನ ಗುಂಟ ಹರಿದು ತುದಿಯಲ್ಲಿ ಕೊರಕಲು ಬೀಳುತ್ತದೆ. 15 ಸೆಂ.ಮೀ. ಆಳದ ಸಣ್ಣ ಗೆರೆಗುಳಿ, ಅದರಲ್ಲಿ ಹಟ್ಟಿಗೊಬ್ಬರ, ಜೊತೆಗೆ ಸ್ವಲ್ಪ ರಂಜಕ. ಶೇಡಿಯಲ್ಲಿ ಸಾರ ಅನ್ನುವುದೇ ಇಲ್ಲ. ಹಳೇ ಮಣ್ಣಿನ ಗುರುತು ಬುಡದಲ್ಲಿ ಎಲ್ಲಿದೆಯೋ ಅದಕ್ಕಿಂತ ಒಂದೆರಡು ಬೆರಳು ಆಳಕ್ಕೆ ಇಟ್ಟು ಕಾಲಿನಿಂದ ತುಳಿಯಿರಿ. ಎಲೆ ಹಿಡಿದು ಎಳೆದಾಗ ಕಿತ್ತು ಬರಬಾರದು.

ಮಧ್ಯೆ ಒಂದು ಬುಡ ಸತ್ತರೂ ತಿಂಗಳೊಳಗೆ ತುಂಬಿಸಿ. ಇಡೀ ಸಾಲಿನ ನೀರು ಆ ಒಂದು ಸಂದಿನಲ್ಲಿ ನುಗ್ಗುತ್ತದೆ.

ನೆರಳು ಬಿದ್ದರೆ ಲಾವಂಚ ಸೊರಗುತ್ತದೆ. ಅಂಚಿನ ರಬ್ಬರ್ ಸಾಲು ಹೇಗೂ ಹೋಗುತ್ತದೆ, ಅದರ ಹಿಂದಿನ ಸಾಲಿನ ಕೊಂಬೆಯನ್ನೂ ತೆಗೆಸಿ.

ಮೂರ್ನಾಲ್ಕು ತಿಂಗಳಿಗೆ ಮೊಣಕಾಲುದ್ದಕ್ಕೆ ಕತ್ತರಿಸಿದರೆ ತೆಂಡೆ ಒಡೆದು ಸಾಲು ಕೂಡುತ್ತದೆ. ಜನವರಿಯಲ್ಲಿ ಮತ್ತೊಮ್ಮೆ ಕತ್ತರಿಸಿ, ಒಣ ಎಲೆ ಬೆಂಕಿಗೆ ಆಹಾರ. ಬುಡ ಸುಟ್ಟರೂ ಚಿಗುರುತ್ತದೆ, ಆದರೆ ಬೆಂಕಿ ಮನೆ ಪಕ್ಕ.

ಧರೆಯಡಿ_ಮನೆ
ಅಕ್ಕ, ಯಾವಾಗ ನೆಡಲಿ? ಜೂನ್ ಮೊದಲ ವಾರ ಆಗಬಹುದಾ?

ಬದುವಿನ_ಹುಲ್ಲು
ಜೂನ್ ಅಂದ್ರೆ ಬಂಗಾರದಂಥಾ ಟೈಮು.

ನರ್ಸರಿ_ಅಕ್ಕ
ನಿಮ್ಮ ಕಡೆಗೆ ಬಂಗಾರ ಅಣ್ಣ, ಕರಾವಳಿಗೆ ಅಲ್ಲ. ಜೂನ್‌ನಲ್ಲಿ ನೆಟ್ಟ ಬುಡ ಹಿಡಿಯುವ ಮೊದಲೇ ಜುಲೈಯ ಮಳೆ ಮೈ ತೊಳೆದುಬಿಡುತ್ತದೆ. ಬೇರು ಕೆಲಸಕ್ಕೆ ಬರಲು ಕಡಿಮೆ ಅಂದರೆ ಮೂರು-ನಾಲ್ಕು ತಿಂಗಳು ಬೇಕು. ಎರಡು ದಾರಿ: ನೀರಿನ ಅನುಕೂಲ ಇದ್ದರೆ ಫೆಬ್ರವರಿಯಲ್ಲಿ ನೆಟ್ಟು ಮೇ ತನಕ ನೀರು ಹಾಯಿಸಿ. ಇಲ್ಲದಿದ್ದರೆ ಸೆಪ್ಟೆಂಬರ್ ಹೊತ್ತಿಗೆ, ದೊಡ್ಡ ಮಳೆ ಮುಗಿದ ಮೇಲೆ. ಆಗ ಡಿಸೆಂಬರ್‌ವರೆಗೆ ಮಣ್ಣಿನಲ್ಲಿ ಪಸೆ ಇರುತ್ತದೆ, ಆಮೇಲೆ ವಾರಕ್ಕೊಮ್ಮೆ ನೀರು ಸಾಕು.

ಸಿವಿಲ್_ಅಣ್ಣ
ಅದರ ಜೊತೆ ತೆಂಗಿನನಾರಿನ ಭೂವಸ್ತ್ರ (ಮಣ್ಣು ಹಿಡಿಯುವ ಬಲೆ) ಹಾಸಿ. ಭಾರತೀಯ ಮಾನಕ ಐಎಸ್ 15869 ಗುರುತಿನದ್ದು, ಚದರ ಮೀಟರಿಗೆ 700 ಗ್ರಾಂ ತೂಕದ್ದು. 400 ಗ್ರಾಮಿನದ್ದು ಇಷ್ಟು ಕಡಿದಾದ ಮೈಗೆ ತೆಳು. ಸೆಣಬಿನ ಬಲೆ ಒಂದು ಮಳೆಗಾಲಕ್ಕೆ ಮುಗಿಯುತ್ತದೆ, ನಾರಿನದ್ದು ಎರಡು-ಮೂರು ವರ್ಷ ಬರುತ್ತದೆ.

ಹಾಸುವಾಗ ಮೇಲಿಂದ ಕೆಳಕ್ಕೆ ಉರುಳಿಸಿ, ಅಡ್ಡಕ್ಕೆ ಅಲ್ಲ. ಮೇಲ್ತುದಿಯನ್ನು 30 ಸೆಂ.ಮೀ. ಅಗಲ-ಆಳದ ಗುಳಿಯಲ್ಲಿ ಹೂತು ಮಣ್ಣು ತುಳಿಯಬೇಕು. ಪಟ್ಟಿಯ ಮೇಲೆ ಪಟ್ಟಿ 15 ಸೆಂ.ಮೀ. ಕೂರಲಿ. 6 ಎಂ.ಎಂ. ಸರಳು ಬಗ್ಗಿಸಿ ಯು ಆಕಾರದ ಮೊಳೆ ಮಾಡಿಸಿ, ಕಾಲು 30 ಸೆಂ.ಮೀ., ಶೇಡಿ ಸಡಿಲ ಇದ್ದಲ್ಲಿ 45. ಚದರ ಮೀಟರಿಗೆ ಒಂದು, ಜೋಡಣೆಯ ಗುಂಟ ಅರ್ಧ ಮೀಟರಿಗೊಂದು. ನಿಮಗೆ 75-80 ಚದರ ಮೀಟರ್ ಬೇಕಾದೀತು.

ಬಲೆ ಮಣ್ಣಿಗೆ ಅಂಟಿ ಕೂರಬೇಕು. ಹಪ್ಪಳದ ಹಾಗೆ ಉಬ್ಬಿ ನಿಂತರೆ ನೀರು ಅದರ ಅಡಿಯಲ್ಲೇ ಹರಿಯುತ್ತದೆ. ಹೊರಗಿಂದ ನೋಡಲು ಚಂದ, ಒಳಗೆ ಕೊರಕಲು. ಹಾಸುವ ಮೊದಲು ಹುರುಳಿ ಎರಚಿ. ಬೇಗ ಮೊಳೆತು ನೆಲ ಮುಚ್ಚುತ್ತದೆ, ಲಾವಂಚಕ್ಕೆ ಸಾರಜನಕವೂ ಸಿಗುತ್ತದೆ. ರಬ್ಬರ್ ತೋಟದ ಮುಕುನಾ ಬಳ್ಳಿಯನ್ನು ಮಾತ್ರ ಧರೆಗೆ ಇಳಿಯಲು ಬಿಡಬೇಡಿ, ಲಾವಂಚವನ್ನು ಮುಚ್ಚಿ ಸಾಯಿಸುತ್ತದೆ.

ಸುಗಂಧ_ಪ್ರಿಯೆ
ಎರಡು ವರ್ಷ ಆದ ಮೇಲೆ ಬೇರು ಮಾರಬಹುದಲ್ವಾ? ಮುಡಿವಾಳದ (ಲಾವಂಚದ್ದೇ ಇನ್ನೊಂದು ಹೆಸರು) ಬೇರಿಗೆ ಬೆಲೆ ಇದೆ. ನೀರಿನ ಹೂಜಿಗೆ ಹಾಕಿದರೆ ಎಂಥ ಪರಿಮಳ!

ನರ್ಸರಿ_ಅಕ್ಕ
ದಯವಿಟ್ಟು ಬೇಡ. ಬೇರು ಕೀಳುವುದು ಅಂದರೆ ಇಳಿಜಾರನ್ನು ಮೊಳದುದ್ದ ಅಗೆಯುವುದು. ಮಾರುವುದಕ್ಕೆ ಬೇಕಾದರೆ ಸಪಾಟು ಜಾಗದಲ್ಲಿ ಬೇರೆ ಪಾತಿ ಮಾಡಿ. ಧರೆಯದ್ದನ್ನು ಮುಟ್ಟಿದವರ ಕೈ ಕಟ್ಟಿ ಹಾಕಿ.

ಇನ್ನೊಂದು, ಉತ್ತರ ಭಾರತದ ಕಾಡುಜಾತಿ ಬೀಜ ಉದುರಿಸಿ ತೋಟದ ಕಳೆ ಆಗಬಹುದು. ದಕ್ಷಿಣದ್ದು ಬೀಜ ಕಟ್ಟುವುದಿಲ್ಲ, ಬುಡದಿಂದಲೇ ಹೆಚ್ಚುವುದು. ತರುವಾಗ ಕೇಳಿ ತನ್ನಿ.

ಸುಮ್ನೆ_ಓದುಗ
ಲಾವಂಚದ ಚಾಪೆಗೆ ನೀರು ಚಿಮುಕಿಸಿ ಕಿಟಕಿಗೆ ಕಟ್ಟಿದರೆ ಕೂಲರ್ ಬೇಡ. ಇದು ಗೊತ್ತಿದ್ದವರು ಎಷ್ಟು ಮಂದಿ?

ಕಸದ_ಲೆಕ್ಕ
ಕಿಟಕಿ ಮುಚ್ಚಿ, ಕಸಕ್ಕೆ ಬನ್ನಿ. ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಮುಚ್ಚಿದ ಕಸದ ರಾಶಿಯ ಮೇಲೆ ಲಾವಂಚ ಬೇಡ. ಧರೆಯಲ್ಲಿ ಅದರ ಯಾವ ಗುಣ ಬೇಕೋ ಅದೇ ಇಲ್ಲಿ ದೋಷ. 2016ರ ಘನತ್ಯಾಜ್ಯ ನಿಯಮದಲ್ಲಿ ಅಂತಿಮ ಹೊದಿಕೆ ಹೇಗಿರಬೇಕು ಅಂತ ಸ್ಪಷ್ಟ ಇತ್ತು. ಕಸದ ಮೇಲೆ 60 ಸೆಂ.ಮೀ. ಜೇಡಿ, ನೀರು ಬಿಡದಂಥದ್ದು. ಅದರ ಮೇಲೆ 15 ಸೆಂ.ಮೀ. ನೀರು ಬಸಿಯುವ ಪದರ. ಅದರ ಮೇಲೆ 45 ಸೆಂ.ಮೀ. ಗಿಡ ಬೆಳೆಯುವ ಮಣ್ಣು. ಗಿಡದ ಬಗ್ಗೆ ಷರತ್ತೂ ಇತ್ತು: ಸ್ಥಳೀಯ, ತಿನ್ನಲು ಬಾರದ, ಬಹುವಾರ್ಷಿಕ ಜಾತಿ, ಬರ ತಡೆಯುವಂಥದ್ದು, ಬೇರು 30 ಸೆಂ.ಮೀ. ದಾಟಬಾರದು. ರಾಶಿ ಸ್ಥಿರವಾಗುವ ತನಕ ಈ ಷರತ್ತು.

3 ಮೀಟರ್ ಬೇರಿನ ಹುಲ್ಲು ಜೇಡಿಯನ್ನು ತೂತು ಮಾಡಿದರೆ ಮಳೆನೀರು ಕಸಕ್ಕೆ ಇಳಿಯುತ್ತದೆ, ಕೊಳಚೆ ರಸ ಬುಡದಿಂದ ಹೊರಡುತ್ತದೆ, ಗ್ಯಾಸ್ ಮೇಲಿಂದ ಹೊರಡುತ್ತದೆ. ಜೇಡಿ ಹಾಕಿದ ದುಡ್ಡು ದಂಡ.

ಬದುವಿನ_ಹುಲ್ಲು
ಲಾವಂಚ ಭಾರಲೋಹ ತಡೆಯುತ್ತೆ, ಕೊಳಚೆ ನೀರೂ ಕುಡಿಯುತ್ತೆ. ಆಸ್ಟ್ರೇಲಿಯಾದ ಸ್ಟಾಟ್ಸ್ ಕ್ರೀಕ್ ಕಸದ ಜಾಗದಲ್ಲಿ ಕೊಳಚೆ ರಸಾನ ಲಾವಂಚಕ್ಕೇ ಹಾಯಿಸಿದ್ದಾರೆ.

ಕಸದ_ಲೆಕ್ಕ
ಹಾಯಿಸಿದ್ದು ಸರಿ. ಅಲ್ಲಿ ಅದರ ಕೆಲಸ ರಸ ಕುಡಿದು ಆವಿ ಮಾಡುವುದು. ಹೊದಿಕೆ ಕಾಯುವ ಕೆಲಸವೇ ಬೇರೆ. ರಾಶಿಯ ಬುಡದಾಚೆ, ರಸ ಹರಿಯುವ ಕಾಲುವೆಯ ಪಕ್ಕ ಎರಡು-ಮೂರು ಸಾಲು ಹಾಕಿ, ನನ್ನ ಆಕ್ಷೇಪ ಇಲ್ಲ. ನೆತ್ತಿಯ ಮೇಲೆ ಬೇಡ.

ಕಾಫಿಬರೆ
30 ಸೆಂ.ಮೀ. ಷರತ್ತು ಕಾಗದದ ಮೇಲೆ ಚೆಂದ. ಗರಿಕೆ ಬೇರೂ ಒಳ್ಳೇ ಮಣ್ಣಲ್ಲಿ ಅದಕ್ಕಿಂತ ಕೆಳಗೆ ಹೋಗುತ್ತೆ. ಜೇಡಿನ ಸರಿಯಾಗಿ ರೋಲರ್ ಹೊಡೆದು ಗಟ್ಟಿ ಮಾಡಿದ್ರೆ ಬೇರು ಅದರೊಳಗೆ ನುಗ್ಗೋದು ಕಷ್ಟ. ಬ್ರಿಟನ್ನಿನಲ್ಲಿ ಮುಚ್ಚಿದ ಕಸದ ಜಾಗಗಳ ಮೇಲೆ ಮರಾನೇ ಬೆಳೆಸ್ತಾರೆ, ಆದ್ರೆ ಮೇಲೆ ಒಂದೂವರೆ ಮೀಟರ್ ಮಣ್ಣು ಕೊಟ್ಟು.

ಕಸದ_ಲೆಕ್ಕ
ಒಪ್ಪುತ್ತೇನೆ, ಅಸಲಿ ಕಾವಲು ಜೇಡಿಯ ಗಟ್ಟಿತನವೇ. ಆದರೆ ನಮ್ಮಲ್ಲಿ ಹಾಕುವುದು 45 ಸೆಂ.ಮೀ. ಮಣ್ಣು, ಅದೂ ಗುತ್ತಿಗೆಯ ಕೊನೆ ವಾರದಲ್ಲಿ. ಆ ಮಣ್ಣಿನಲ್ಲಿ ಮರ ಬೆಳೆಸಿದರೆ ಗಾಳಿಗೆ ಬೀಳುವಾಗ ಹೊದಿಕೆಯ ತುಂಡನ್ನೇ ಎತ್ತಿಕೊಂಡು ಬೀಳುತ್ತದೆ. ಗರಿಕೆ, ಕಾರ್ಪೆಟ್ ಹುಲ್ಲು, ಹಳದಿ ಹೂವಿನ ಪಿಂಟೊ ಪೀನಟ್, ಇವು ಸಾಕು. ದನ ಮೇಯಲು ಬಿಡಬೇಡಿ, ಬೇಲಿ ಹಾಕಿ.

ಬದಿಯ ಇಳಿಜಾರು 1:3ಕ್ಕಿಂತ ಕಡಿದು ಬೇಡ, ಅಂದರೆ 3 ಮೀಟರ್ ಎತ್ತರಕ್ಕೆ 9 ಮೀಟರ್ ಹರವು. ನೆತ್ತಿಗೂ 3-5 ಶೇಕಡಾ ವಾಟ ಇರಲಿ. ಒಳಗಿನ ಕಸ ಕೊಳೆತು ವರ್ಷಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಸಪಾಟು ಬಿಟ್ಟರೆ ನಡುವೆ ತಟ್ಟೆಯ ಹಾಗೆ ಗುಂಡಿ ಬಿದ್ದು ನೀರು ನಿಲ್ಲುತ್ತದೆ, ಅದರ ಸುತ್ತ ಜೇಡಿ ಬಿರಿಯುತ್ತದೆ.

ಹುಬ್ಳಿ_ಎರೆಭೂಮಿ
ಅಲ್ರಿ, ನಮ್ಮ ಕಡೆ ಜೇಡಿ ಪದರಾನ ಬ್ಯಾಡ ಅಂತಾರಲ್ರಿ? ದಪ್ಪ ಮಣ್ಣು ಹಾಕಿ ಹುಲ್ಲು ಬೆಳೆಸಿದ್ರ ಗಿಡಾನ ನೀರು ಕುಡದು ಆವಿ ಮಾಡತೈತಿ, ಕೆಳಗ ಇಳಿಯಾಂಗಿಲ್ಲ. ಎರೆಮಣ್ಣು ಬ್ಯಾಸಿಗ್ಯಾಗ ಕೈ ಹೋಗುವಷ್ಟು ಬಿರೀತೈತಿ, ಅದನ್ನ ಜೇಡಿ ಪದರ ಅಂತ ಹಾಕಿದ್ರ ಏನ್ ಉಪಯೋಗ?

ಕಸದ_ಲೆಕ್ಕ
ಒಳ್ಳೇ ಪ್ರಶ್ನೆ ರೀ. ಆವಿ ಮಾಡುವ ಹೊದಿಕೆ ಒಣ ಪ್ರದೇಶಕ್ಕೆ ಸರಿ. ಮಳೆ ಕಡಿಮೆ, ಬಿಸಿಲು ಜಾಸ್ತಿ ಇರಬೇಕು, ಒಂದು ಮೀಟರಿಗೂ ಮೀರಿದ ದಪ್ಪ ಮಣ್ಣು ನೀರನ್ನು ಸ್ಪಂಜಿನ ಹಾಗೆ ಹಿಡಿದಿಡಬೇಕು. ಬಳ್ಳಾರಿ, ರಾಯಚೂರಿನಲ್ಲಿ ಯೋಚಿಸಬಹುದು. ಬೆಳ್ತಂಗಡಿಯಲ್ಲಿ ಜುಲೈ ತಿಂಗಳಿಡೀ ಬಿಸಿಲೇ ಇಲ್ಲ, ಗಿಡ ಯಾವ ನೀರನ್ನು ಆವಿ ಮಾಡೀತು?

ಎರೆಮಣ್ಣನ್ನು ಬರಿದೇ ಬಿಟ್ಟರೆ ಬಿರಿಯುತ್ತದೆ. ಮೇಲಿನ 45 ಸೆಂ.ಮೀ. ಮಣ್ಣು ಇರುವುದೇ ಜೇಡಿ ಒಣಗದಂತೆ ಕಾಯಲು. ಜೇಡಿ ಹಾಕಿದ ದಿನವೇ ಮುಚ್ಚಬೇಕು. ಮೂರು ವಾರ ಬಿಸಿಲಿಗೆ ಬಿಟ್ಟು ಆಮೇಲೆ ಮುಚ್ಚಿದರೆ ಬಿರುಕಿನ ಮೇಲೆ ಹೊದಿಕೆ ಹಾಕಿದ ಹಾಗೆ.

ಧರೆಯಡಿ_ಮನೆ
ರಾಶಿಯ ಮೇಲೆ ಅಲ್ಲಲ್ಲಿ ಹುಲ್ಲು ತಾನಾಗಿ ಬಂದಿದೆ, ಕೆಲವು ಕಡೆ ವೃತ್ತಾಕಾರದಲ್ಲಿ ಹಳದಿ ಆಗಿ ಸಾಯ್ತಾ ಉಂಟು. ನೀರಿನ ಕೊರತೆಯಾ?

ಕಸದ_ಲೆಕ್ಕ
ಅಕ್ಕಪಕ್ಕದ್ದು ಹಸಿರು ಇದ್ದು ಅಲ್ಲೊಂದೇ ವೃತ್ತ ಸಾಯ್ತಿದ್ದರೆ ಕೆಳಗಿಂದ ಗ್ಯಾಸ್ ಬರ್ತಿದೆ. ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಮಣ್ಣಿನ ಗಾಳಿಯನ್ನು ತಳ್ಳಿ ಬೇರಿಗೆ ಆಮ್ಲಜನಕ ಇಲ್ಲದ ಹಾಗೆ ಮಾಡುತ್ತವೆ. ನೀರು ಹಾಯಿಸಿದರೆ ಇನ್ನೂ ಬೇಗ ಸಾಯುತ್ತದೆ. ಅಂಚಿನಲ್ಲಿ 30 ಸೆಂ.ಮೀ. ಅಗೆದು ನೋಡಿ: ಮಣ್ಣು ಕಪ್ಪು, ಕೈಗೆ ಬೆಚ್ಚಗೆ, ಕೊಳೆತ ಮೊಟ್ಟೆ ವಾಸನೆ. ಅಲ್ಲಿ ಬೀಡಿ, ಬೆಂಕಿಕಡ್ಡಿ ಖಂಡಿತ ಬೇಡ. ಗಾಳಿಯಲ್ಲಿ 5 ಶೇಕಡಾ ಮೀಥೇನ್ ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಮುಚ್ಚುವುದಾದರೆ ಮೊದಲು ತೂತಿನ ಕೊಳವೆ, ಸುತ್ತ ಜಲ್ಲಿ, ಆಮೇಲೆ ಜೇಡಿ. ದಾರಿ ಕೊಡದೆ ಮುಚ್ಚಿದರೆ ಗ್ಯಾಸ್ ಬದಿಗೆ ಹರಿದು ಪಕ್ಕದ ಬಾವಿಯಲ್ಲೋ ಮನೆಯ ಅಡಿಪಾಯದಲ್ಲೋ ಏಳುತ್ತದೆ.

ನ್ಯೂಜೆರ್ಸಿ_ಕನ್ನಡಿಗ
ನ್ಯೂಯಾರ್ಕಿನ ಫ್ರೆಶ್ ಕಿಲ್ಸ್ ನೋಡಿ. 1948ರಿಂದ 2001ರವರೆಗೆ ಕಸ ಸುರಿದ ಜಾಗ, 2,200 ಎಕರೆ. ಈಗ ಹೊದಿಕೆ ಹಾಕಿ ಹುಲ್ಲುಗಾವಲು ಮಾಡಿದ್ದಾರೆ, ಪಾರ್ಕ್ ಆಗ್ತಿದೆ. ಫ್ರಾಗ್ಮೈಟಿಸ್ ಅನ್ನುವ ಜೌಗು ಹುಲ್ಲನ್ನು ಹತೋಟಿಯಲ್ಲಿಡಲು 2012ರಲ್ಲಿ ಆಡು ಬಿಟ್ಟಿದ್ದರು!

ಸುಮ್ನೆ_ಓದುಗ
ಇಲ್ಲಿ ಆಡು ಬಿಟ್ಟರೆ ಸಂಜೆ ಲೆಕ್ಕಕ್ಕೆ ಒಂದು ಕಮ್ಮಿ ಇರುತ್ತೆ.

ಶೇಡಿ_ಮತ್ತು_ನೀರು
ಫ್ರೆಶ್ ಕಿಲ್ಸ್ ದೂರ ಆಯಿತು, ಪಚ್ಚನಾಡಿ ಹತ್ತಿರ ಉಂಟು. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಆ ಕಸದ ರಾಶಿ ಜಾರಿ ಮಂದಾರದ ಮನೆ, ಅಡಿಕೆ ತೋಟದ ಮೇಲೆ ಬಂತು. ನೀರು ಕುಡಿದ ಕಸದ ಗುಡ್ಡವೂ ನೀರು ಕುಡಿದ ಶೇಡಿಯ ಧರೆಯೂ ಜಾರುವ ರೀತಿ ಒಂದೇ. ಬದಿಯ ಇಳಿಜಾರು ಮತ್ತು ನೀರಿನ ದಾರಿ ಸರಿ ಇಲ್ಲದೆ ಮೇಲೆ ಹಸಿರು ಹಾಕಿದರೆ ಬಣ್ಣ ಬಳಿದ ಹಾಗೆ.

ಕಸದ_ಲೆಕ್ಕ
ಪಂಚಾಯತಿನ ರಾಶಿಗೆ ಒಂದು ಲೆಕ್ಕ ಹೇಳಿ ಮುಗಿಸ್ತೇನೆ. 30×20×3 ಅಂದರೂ ಬದಿ ವಾಲಿರುತ್ತದೆ, ಕಸ ಇರುವುದು ಸುಮಾರು 1,200 ಘನ ಮೀಟರ್. 2016ರ ನಿಯಮದ ಪ್ರಕಾರ 1.2 ಮೀಟರ್ ಹೊದಿಕೆ ಹಾಕಲು ಬೇಕಾದ ಮಣ್ಣು, ಜಲ್ಲಿ 800 ಘನ ಮೀಟರ್ ಹತ್ತಿರ. 1,200 ಮುಚ್ಚಲು 800 ತರುವುದು! ಆ ಜೇಡಿ ಎಲ್ಲಿಂದ ಬರುತ್ತದೆ? ಇನ್ಯಾವುದೋ ಗುಡ್ಡ ಕಡಿದು. ಅಲ್ಲೊಂದು ಹೊಸ ಧರೆ. ಆ ನಿಯಮದಂತೆ ಮುಚ್ಚಿದ ಮೇಲೂ 15 ವರ್ಷ ನಿಗಾ ಇಡಬೇಕಿತ್ತು.

ಇಷ್ಟು ಸಣ್ಣ ರಾಶಿಯನ್ನು ಅಗೆದು ಜರಡಿ ಹಿಡಿಯುವುದೇ ಮೇಲು. 2016ರ ನಿಯಮವೂ ಮೊದಲು ಅದನ್ನೇ ಕೇಳುತ್ತಿತ್ತು, ಆಗದಿದ್ದರೆ ಮಾತ್ರ ಮುಚ್ಚಿ ಅನ್ನುತ್ತಿತ್ತು. 2 ಮೀಟರ್ ಎತ್ತರದ ಉದ್ದ ರಾಶಿ ಮಾಡಿ, ಸೂಕ್ಷ್ಮಾಣು ದ್ರಾವಣ ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ಸಲ ಮಗುಚಿ, ಒಣಗಿದ ಮೇಲೆ ಜರಡಿ. ಕೆಲಸ ಜನವರಿಯಿಂದ ಮೇ ಒಳಗೆ. ಒದ್ದೆ ಕಸ ಜರಡಿಗೆ ಅಂಟಿ ಏನೂ ಇಳಿಯುವುದಿಲ್ಲ. ಪ್ಲಾಸ್ಟಿಕ್ ಸಿಮೆಂಟ್ ಕಾರ್ಖಾನೆಗೆ, ಕಲ್ಲು-ಇಟ್ಟಿಗೆ ತಗ್ಗು ತುಂಬಲು. ಜರಡಿಯಿಂದ ಇಳಿದ ಮಣ್ಣನ್ನು ಪರೀಕ್ಷೆ ಮಾಡಿಸದೆ ತರಕಾರಿಗೆ ಹಾಕಬೇಡಿ, ಗಾಜಿನ ಚೂರು, ಸೀಸ ಎರಡೂ ಇರುತ್ತವೆ.

ಧರೆಯಡಿ_ಮನೆ
ಎಲ್ಲರಿಗೂ ಧನ್ಯವಾದ. ಲೋಟದ ಪರೀಕ್ಷೆ ಆಯಿತು. ಮೇಲಿನ ಹೆಂಟೆ ಹಾಗೇ ಕೂತಿದೆ. ನಡುವಿನದ್ದು 4 ನಿಮಿಷಕ್ಕೆ ಹಿಟ್ಟಿನ ಗುಪ್ಪೆ. ಬುಡದ್ದು ಬೇಗ ಉದುರಿ ಸುತ್ತ ಬಿಳಿ ಮೋಡ, ಎರಡು ಗಂಟೆ ಆಯಿತು, ಇನ್ನೂ ತಿಳಿ ಆಗಲಿಲ್ಲ. ಈ ವರ್ಷದ ಮಳೆಗೆ ಇನ್ನು ಮೂರು ವಾರ. ಈಗಲೇ ಜೆಸಿಬಿ ತರಿಸಲಾ?

ಶೇಡಿ_ಮತ್ತು_ನೀರು
ಬೇಡ. ಹೊಸದಾಗಿ ಕೆರೆದ ಬರಿ ಶೇಡಿಯ ಮೇಲೆ ಜೂನ್ ಮಳೆ ಬಿದ್ದರೆ ಈಗಿರುವುದಕ್ಕಿಂತ ಕೆಡುಕು. ಈ ಮೂರು ವಾರದಲ್ಲಿ ಮೇಲಿನ ಚರಂಡಿ, ಗುಂಡಿ ಮುಚ್ಚುವುದು, ಟರ್ಪಾಲು, ಇಷ್ಟೇ. ಟರ್ಪಾಲಿನ ಮೇಲ್ತುದಿಯನ್ನು ಚರಂಡಿಯ ಒಳಮೈಯೊಳಗೆ ಮಡಚಿ ಹೂಳಬೇಕು. ಅಂಚಿಗೆ ಕಲ್ಲು ಇಟ್ಟು ಬಿಟ್ಟರೆ ನೀರು ಅದರ ಹಿಂದಿನಿಂದ ಇಳಿಯುತ್ತದೆ, ನಿಮಗೆ ಕಾಣುವುದೂ ಇಲ್ಲ. ಅಂಚಿನ ಹಿಂದೆ ಬಿರುಕು ಕಂಡರೆ ಎರಡು ಕಡೆ ಗೂಟ ಹೊಡೆದು ದಿನಾ ಟೇಪ್ ಹಿಡಿಯಿರಿ. ಅಂತರ ಜಾಸ್ತಿ ಆದರೆ, ಅಥವಾ ಬುಡದ ಒಸರು ಕೆಸರಾಗಿ ಬಂದರೆ ಆ ರಾತ್ರಿ ಹಿಂದಿನ ಕೋಣೆಯಲ್ಲಿ ಯಾರೂ ಮಲಗಬೇಡಿ, ಮನೆಯಿಂದಲೇ ಬೇರೆ ಕಡೆ ಹೋಗಿ.

ನವೆಂಬರ್‌ನಲ್ಲಿ ಮಣ್ಣು ಒಣಗಿದ ಮೇಲೆ ಮೇಲಿನಿಂದ ಕೆಲಸ ಶುರು ಮಾಡಿ. ಬುಡದ ಮಣ್ಣು ಮೋಡ ಎಬ್ಬಿಸಿದೆಯಲ್ಲ, ಹಾಗಾಗಿ ಗೇಬಿಯನ್ ಕೈಬಿಡಬೇಡಿ.

ನರ್ಸರಿ_ಅಕ್ಕ
770 ಬುಡಕ್ಕೆ ಈಗಲೇ ಹೇಳಿಡಿ. ಇಲ್ಲವೇ 80 ಬುಡ ತಂದು ಹಿತ್ತಲಿನ ಬಿಸಿಲು ಇರುವ ಪಾತಿಯಲ್ಲಿ ಒಂದೊಂದು ಅಡಿಗೆ ಊರಿ, ಫೆಬ್ರವರಿಗೆ ನಿಮ್ಮದೇ ಆಗುತ್ತದೆ.

ಧರೆಯಡಿ_ಮನೆ
80 ಸಾಕಾ ಅಕ್ಕ, 100 ತರಲಾ?

ನರ್ಸರಿ_ಅಕ್ಕ
100 ತನ್ನಿ. ಕೋಳಿ ಕೆದಕುತ್ತದೆ.